ಹಳೆ ಸೈಕಲ್ ಫ್ರೇಮಿನ ತುಕ್ಕು: ಬಣ್ಣ ಉಳಿಸಿಕೊಂಡು ಚುಕ್ಕೆಯಷ್ಟೇ ತೆಗೆಯುವ ಕ್ರಮ

ಹಳೆಯ ಸ್ಟೀಲ್ ಫ್ರೇಮಿನ ಮೇಲೆ ತುಕ್ಕಿನ ಚುಕ್ಕೆ ಕಂಡ ಕೂಡಲೇ ಉಪ್ಪುಕಾಗದ ಹುಡುಕಬೇಡಿ. ಮೊದಲು ಉಗುರಿನಿಂದ ಕೆರೆದು ನೋಡಿ. ಕಂದು ಪುಡಿ ಉದುರಿ ಅದರಡಿ ನಯವಾದ ಲೋಹ ಸಿಕ್ಕರೆ ಅದು ಬರೀ ಮೇಲ್ಮೈ ತುಕ್ಕು. ಬಣ್ಣ ಗುಳ್ಳೆ ಎದ್ದಿದ್ದರೆ ಮಾತ್ರ ತುಕ್ಕು ಕಣ್ಣಿಗೆ ಕಾಣುವುದಕ್ಕಿಂತ ಅಗಲವಾಗಿ ಒಳಗೇ ಹಬ್ಬಿದೆ ಎಂದು ತಿಳಿಯಿರಿ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಬಣ್ಣವನ್ನು ಅಡಿಯಿಂದ ಎತ್ತಿಬಿಡುತ್ತದೆ. ಇನ್ನು ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದರೆ ಲೋಹವೇ ತಗ್ಗುತ್ತಿದೆ ಅಂತಾದರೆ ಆ ಫ್ರೇಮಿಗೆ ನಾನಿಲ್ಲಿ ಹೇಳುವ ಯಾವುದೂ ಸಾಲದು. ಅದನ್ನು ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಕೊಳವೆ ಬೆಸೆಯುವ ಕೆಲಸ) ಬಲ್ಲವರಿಗೆ ತೋರಿಸಿ, ಅಲ್ಲಿಯವರೆಗೆ ಸೈಕಲ್ ಹತ್ತಬೇಡಿ. ಪೆಡಲ್ ಬುಡದಿಂದ ಹಿಂಚಕ್ರಕ್ಕೆ ಹೋಗುವ ಎರಡು ಕೊಳವೆಗಳು, ಹಿಂದಿನ ಆಕ್ಸಲ್ ಕೂರುವ ತುದಿಗಳು, ಫೋರ್ಕಿನ ಬುಡ, ಈ ಜಾಗಗಳಲ್ಲಿ ಸಣ್ಣ ಅನುಮಾನ ಬಂದರೂ ರಾಜಿಯಾಗಬಾರದು.

ನಾನು ಬೆಂಗಳೂರಿನ ಪಿಯು ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ದುಡಿದವಳು. ಆಸಿಡ್ ಬಾಟಲಿಗಳ ನಡುವೆಯೇ ಕೆಲಸ ಕಲಿತೆ. ಹನುಮಂತನಗರದ ನಮ್ಮ ಮನೆಯಲ್ಲಿ ಅಪ್ಪನ ಕಪ್ಪು ಹರ್ಕ್ಯುಲಿಸ್ ಸೈಕಲ್ ಇದೆ. ರಾಡ್ ಬ್ರೇಕು, ಹಿಂದೆ ಭಾರದ ಕ್ಯಾರಿಯರ್, ಕೊಳವೆಗಳ ಮೇಲೆ ಕೈಯಲ್ಲೇ ಎಳೆದ ಚಿನ್ನದ ಗೆರೆ. ಈಗ ಅದನ್ನು ಓಡಿಸುವವನು ಮಗ, ನೋಡಿಕೊಳ್ಳುವವಳು ನಾನು. ಟೈರು ಬದಲಿಸಲು ಹೋದಾಗ ಅಂಗಡಿಯ ಹುಡುಗ ಒಮ್ಮೆ, "ಯಾಕಕ್ಕಾ ಇಷ್ಟು ಕಷ್ಟ? ಪೂರ್ತಿ ಕೆರೆಸಿ ಪೌಡರ್ ಕೋಟಿಂಗ್ ಹೊಡಿಸಿಬಿಡಿ, ಹೊಸ ಗಾಡಿ ಥರಾ ಆಗತ್ತೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಪೌಡರ್ ಕೋಟಿಂಗಿಗೆ, ಅಂದರೆ ಬಣ್ಣದ ಪುಡಿ ಹೊಡೆದು ಕಾಯಿಸಿ ಹಿಡಿಸುವುದಕ್ಕೆ, ಮೊದಲು ಇರುವ ಬಣ್ಣವನ್ನೆಲ್ಲ ಬರಿಗಬ್ಬಿಣ ಕಾಣುವವರೆಗೆ ತೆಗೆಯಬೇಕು. ಗೆರೆ, ಕಂಪನಿ ಹೆಸರಿನ ಅಚ್ಚು, ವರ್ಷಗಟ್ಟಲೆ ಕೈ ತಾಗಿ ಬಂದ ಹೊಳಪು, ಎಲ್ಲ ಅದರ ಜೊತೆಗೇ ಹೋಗುತ್ತವೆ. ಸೈಕಲ್ ತಯಾರಕ ಅಟ್ಲಾಸ್ ಕಂಪನಿ 2020ರ ಜೂನ್‌ನಲ್ಲಿ ದಿಲ್ಲಿ ಬಳಿಯ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಅಂಥ ಸೈಕಲ್ಲಿನ ಮೂಲ ಅಚ್ಚು ಒಮ್ಮೆ ಅಳಿದರೆ ಮತ್ತೆ ಎಲ್ಲಿಂದ ತರುತ್ತೀರಿ? ಹುಣಸೆಬೀಜದಷ್ಟು ಜಾಗದ ತುಕ್ಕಿಗೆ ಅಷ್ಟೇ ಜಾಗದ ಚಿಕಿತ್ಸೆ ಸಾಕು.

ತುಕ್ಕು ಬಿಡಿಸುವುದಕ್ಕಿಂತ, ಬಿಡಿಸಿದ ಮೇಲೆ ಬೇಗ ಒಣಗಿಸಿ ಮುಚ್ಚುವುದೇ ದೊಡ್ಡ ಕೆಲಸ ಎಂಬುದನ್ನು ಶುರುವಿನಲ್ಲೇ ಮನಸ್ಸಿಗೆ ತಂದುಕೊಳ್ಳಿ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕಾಗ ತುಕ್ಕು ಹುಟ್ಟುತ್ತದೆ, ಉಪ್ಪು ಸೇರಿದರೆ ಆ ವೇಗ ಹೆಚ್ಚುತ್ತದೆ. ತುಕ್ಕಿನಲ್ಲೇ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಅದು ಸ್ಪಂಜಿನ ಹಾಗೆ ತೇವ ಹಿಡಿದಿಟ್ಟುಕೊಂಡು ಪಕ್ಕದ ಕಬ್ಬಿಣಕ್ಕೂ ಹಬ್ಬಿಸುತ್ತದೆ. ಅದಕ್ಕೇ ತುಕ್ಕನ್ನು ಅರ್ಧ ತೆಗೆದು ಮೇಲೆ ಬಣ್ಣ ಬಳಿದರೆ ಅದು ಬಣ್ಣದಡಿ ಕೆಲಸ ಮುಂದುವರಿಸುತ್ತದೆ.

ನಮ್ಮೂರಿನಲ್ಲಿ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಹೇಳಿ ಮಾಡಿಸಿದ ತಿಂಗಳುಗಳು. ಗಾಳಿ ಒಣಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಲೋಹ ತಾನಾಗಿ ಬೆಚ್ಚಗಾಗಿರುತ್ತದೆ. ಆದರೆ ಹೆಚ್ಚಿನವರಿಗೆ ಸೈಕಲ್ ನೆನಪಾಗುವುದು ಆಯುಧಪೂಜೆಗೆ, ಬೆಂಗಳೂರಿನಲ್ಲಿ ಮಳೆ ಜೋರಾಗಿರುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ತುಕ್ಕು ಕಂಡರೆ ಸಡಿಲವಾದ ಪುಡಿಯನ್ನು ಒಣ ಬ್ರಶ್ಶಿನಿಂದ ಉದುರಿಸಿ, ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿಡಿ. ಬಿಸಿಲು ಬರುವವರೆಗೆ ಅದು ತಡೆಯುತ್ತದೆ. ಮುಂದೆ ಬಣ್ಣ ಬಳಿಯುವಾಗ ಆ ಎಣ್ಣೆಯನ್ನು ಟರ್ಪೆಂಟೈನಿನಿಂದ ಪೂರ್ತಿ ತೆಗೆಯಲೇಬೇಕು. ಪೂಜೆ ಮಾಡಿದ್ದರೆ ಮಾರನೇ ದಿನವೇ ಹಾರ ಬಿಚ್ಚಿ, ಗಂಧ, ಅರಿಶಿನ, ಕುಂಕುಮ ಒರೆಸಿ. ಹ್ಯಾಂಡಲ್ಲಿಗೆ ಸುತ್ತಿದ ಒದ್ದೆ ಸೇವಂತಿಗೆ ದಾರ ವಾರವಿಡೀ ಅಲ್ಲೇ ಇದ್ದರೆ ಅದರಡಿ ತುಕ್ಕು ಖಂಡಿತ.

ಎಲ್ಲೆಲ್ಲಿ ಹುಡುಕಬೇಕು

ಎರಡು ವಸ್ತು ಒಂದಕ್ಕೊಂದು ಅಂಟಿ ಕೂತ ಕಡೆ ನೀರು ನಿಲ್ಲುತ್ತದೆ. ಡೈನಮೋ ಕ್ಲಾಂಪಿನ ಅಡಿ, ಬೆಲ್ಲಿನ ಪಟ್ಟಿಯ ಅಡಿ, ಕ್ಯಾರಿಯರ್ ಕಾಲು ಫ್ರೇಮಿಗೆ ಸೇರುವಲ್ಲಿ, ಸ್ಟ್ಯಾಂಡಿನ ಬೋಲ್ಟಿನ ಸುತ್ತ, ಬೀಗದ ಸರಪಳಿ ತಾಗುವ ಸೀಟಿನ ಕೊಳವೆಯ ಮೇಲೆ ಮೊದಲು ನೋಡಿ. ಕೇಬಲ್ ಬ್ರೇಕಿನ ಸೈಕಲ್ ಆದರೆ ಕೇಬಲ್ ಉಜ್ಜಿ ಬಣ್ಣ ಸವೆದ ಕಡೆಯೂ ನೋಡಬೇಕು. ಮೇಲಿನ ಬಾರಿನ ಮೇಲೆ ಬೆವರು ತೊಟ್ಟಿಕ್ಕುತ್ತದೆ, ಬೆವರೆಂದರೆ ಉಪ್ಪುನೀರು. ಹಳೆಯ ಫ್ರೇಮಿನಲ್ಲಿ ಕೊಳವೆಗಳು ಲಗ್ ಎಂಬ ಉಕ್ಕಿನ ತೋಳುಗಳೊಳಗೆ ಕೂತಿರುತ್ತವೆ, ಆ ತೋಳಿನ ಅಂಚಿನ ಸಂದಿಯಲ್ಲಿ ಧೂಳು ತೇವ ಹಿಡಿದು ಕೂರುತ್ತದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್‌ಗಳ ಆಕ್ಸಲ್ ಕೂರುವ ಜಾಗ) ಅಡಿಯನ್ನೂ ನೋಡಿ. ರಸ್ತೆಯ ನೀರು ನೇರ ಹೊಡೆಯುವ ಜಾಗ ಅದು, ಯಾರೂ ಒರೆಸುವುದಿಲ್ಲ. ಫ್ರೇಮ್ ನಂಬರ್ ಅಲ್ಲೇ ಅಥವಾ ಸೀಟಿನ ಬುಡದಲ್ಲಿ ಕೆತ್ತಿರುತ್ತಾರೆ. ಸೈಕಲ್ ಕಳುವಾದರೆ ಗುರುತಿಗೆ ಇರುವುದು ಅದೊಂದೇ, ಆದ್ದರಿಂದ ಅದರ ಮೇಲೆ ಉಪ್ಪುಕಾಗದ ಹಾಕಬೇಡಿ, ಬ್ರಶ್ಶು ಮತ್ತು ಎಣ್ಣೆಯಲ್ಲೇ ಮುಗಿಸಿ.

ಬೇಕಾದ ಸಾಮಾನು

ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಉಪ್ಪುಕಾಗದ) 220, 400, 600, 1000 ನಂಬರಿನವು ಒಂದೊಂದು ಹಾಳೆ. ಹಳೆಯ ಟೂತ್‌ಬ್ರಶ್, ಸಣ್ಣ ಹಿತ್ತಾಳೆ ತಂತಿಯ ಬ್ರಶ್, ಮಾಸ್ಕಿಂಗ್ ಟೇಪ್, ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್, ಹಳೆ ಬನಿಯನ್ ಬಟ್ಟೆ. ಟರ್ಪೆಂಟೈನ್, ರೆಡ್ ಆಕ್ಸೈಡ್ ಪ್ರೈಮರ್, ಎನಾಮೆಲ್ ಪೇಂಟ್ ಅತಿ ಚಿಕ್ಕ ಡಬ್ಬಿ, ಮಕ್ಕಳು ಚಿತ್ರ ಬರೆಯುವ ಸೊನ್ನೆ ನಂಬರಿನ ಕುಂಚ. ಇಷ್ಟನ್ನೂ ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿ ಮತ್ತು ಸ್ಟೇಷನರಿ ಅಂಗಡಿಯಲ್ಲೇ ಕೊಳ್ಳಬಹುದು. ಕಪ್ಪು ಸೈಕಲ್ಲಿಗೆ ಬಣ್ಣ ಹೊಂದಿಸುವ ತಾಪತ್ರಯವಿಲ್ಲ. ಹಸಿರು, ಕಡುಗೆಂಪು, ನೀಲಿಯಾದರೆ ಬಿಚ್ಚಿದ ಚೈನ್ ಕವರನ್ನೋ ಮಡ್‌ಗಾರ್ಡನ್ನೋ ಹಿಡಿದುಕೊಂಡು ಜೆ.ಸಿ. ರಸ್ತೆಯ ಕಡೆ ಗಾಡಿ ಪೇಂಟ್ ಮಾರುವವರ ಬಳಿ ಹೋಗಿ, ಎದುರಿಗಿಟ್ಟು ಬಣ್ಣ ಕಲಸಿಸಿಕೊಳ್ಳಿ. ಫೋನಿನ ಫೋಟೋ ತೋರಿಸಿ ಬಣ್ಣ ತರಬೇಡಿ, ಅದು ಹೊಂದುವುದಿಲ್ಲ. ಕಲಸಿಸುವಾಗ ಎನಾಮೆಲ್ ಎಂದೇ ಕೇಳಿ. ಗಾಡಿಗಳಿಗೆ ಹೊಡೆಯುವ ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣ ಮತ್ತು ಅದರ ಥಿನ್ನರ್ ಹಳೆಯ ಎನಾಮೆಲ್ಲಿಗೆ ತಾಗಿದರೆ ಅದು ಸುಕ್ಕುಗಟ್ಟಿ ಏಳುತ್ತದೆ.

ಉಜ್ಜುವುದು

ಸೋಪಿನ ನೀರಿನಲ್ಲಿ ಫ್ರೇಮ್ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಿ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ, ಅದರಲ್ಲಿನ ಲವಣ ಬಿಳಿ ಕಲೆಯಾಗಿ ಉಳಿಯುತ್ತದೆ. ಆಮೇಲೆ ಎಣ್ಣೆ, ಗ್ರೀಸ್ ಇರುವ ಕಡೆ ಟರ್ಪೆಂಟೈನ್ ಬಟ್ಟೆ. ಚುಕ್ಕೆಯ ಸುತ್ತ ಅರ್ಧ ಇಂಚು ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಗೆರೆಯೋ ಅಚ್ಚೋ ಹತ್ತಿರವಿದ್ದರೆ ಅದರ ಮೇಲೆ ನೇರವಾಗಿ ಟೇಪ್ ಬೇಡ, ಕೀಳುವಾಗ ಅದೂ ಕಿತ್ತು ಬರುತ್ತದೆ. ಮೊದಲು ಒಂದು ಚೂರು ಕಾಗದ ಇಟ್ಟು ಅದರ ಅಂಚುಗಳಿಗೆ ಟೇಪ್ ಹಾಕಿ.

ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ನಮ್ಮ ದೇಶದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ದಶಕಗಳ ಹಿಂದಿನ ಸೈಕಲ್ಲಿನ ಬಣ್ಣದಲ್ಲಿ, ಅದರಲ್ಲೂ ಕೆಂಪು, ಹಳದಿ, ಹಸಿರಿನಲ್ಲಿ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿ. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಕೆಳಗೆ ಹಳೆ ಪೇಪರ್ ಹಾಸಿ, ಮುಗಿದ ಮೇಲೆ ಅದನ್ನು ಮಡಚಿ ಕವರಿಗೆ ಹಾಕಿ ಕಟ್ಟಿಬಿಡಿ. ಚಿಕ್ಕ ಮಕ್ಕಳು, ಬಸುರಿಯರು ಹತ್ತಿರ ಇರಬಾರದು. ಅಡುಗೆಮನೆ ಪಕ್ಕದ ಬಾಲ್ಕನಿ ಇದಕ್ಕೆ ಸರಿಯಾದ ಜಾಗವಲ್ಲ, ಮಹಡಿಯ ಮೇಲೆ ಮಾಡಿ.

ಗುಳ್ಳೆ ಎದ್ದ ಬಣ್ಣವಿದ್ದರೆ ಮೊದಲು ಅದನ್ನು ಚಾಕುವಿನ ಮೊಂಡು ಬದಿಯಿಂದ ಎಬ್ಬಿಸಿ. ಗಟ್ಟಿಯಾಗಿ ಅಂಟಿರುವ ಬಣ್ಣ ಸಿಗುವವರೆಗೆ ಎಬ್ಬಿಸಬೇಕು, ಕೈ ತಡೆಯಬಾರದು. ಆಮೇಲೆ ಚೂರು ವಾಟರ್ ಪೇಪರನ್ನು ಪೆನ್ಸಿಲ್ ಹಿಂದಿನ ರಬ್ಬರಿಗೆ ಸುತ್ತಿಕೊಳ್ಳಿ. ಬೆರಳಿಗೆ ಸುತ್ತಿಕೊಂಡರೆ ಚುಕ್ಕೆಗಿಂತ ಸುತ್ತಲ ಬಣ್ಣವೇ ಹೆಚ್ಚು ಸವೆಯುತ್ತದೆ. 220ರಿಂದ ತುಕ್ಕು ಕಳೆದು, 400ರಿಂದ ಆ ಗೀರುಗಳನ್ನು ಕಳೆಯಿರಿ. ತುಕ್ಕು ಕೊರೆದ ಗುಂಡಿಗಳಿಲ್ಲದ ಚುಕ್ಕೆಯಾದರೆ 400ರಿಂದಲೇ ಶುರು ಮಾಡಬಹುದು. ಲಗ್ಗಿನ ಸಂದಿಗೆ ಬಿದಿರಿನ ಚಕ್ಕೆಯನ್ನು ಉಳಿಯ ಹಾಗೆ ಸವರಿ, ತುದಿಗೆ ಪೇಪರ್ ಮಡಚಿ ಹಾಕಿ. ಕೊನೆಗೆ 600ರಿಂದ ಬಣ್ಣದ ಅಂಚನ್ನು ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಣ್ಣ ಎಲ್ಲಿ ಮುಗಿದು ಲೋಹ ಎಲ್ಲಿ ಶುರುವಾಯಿತು ಎಂಬುದು ತಿಳಿಯಬಾರದು. ಈ ಅಂಚು ಹಾಗೇ ಉಳಿದರೆ ಹೊಸ ಬಣ್ಣ ಅಲ್ಲಿಂದಲೇ ಬಿಡುತ್ತದೆ.

ಗುಂಡಿಯೊಳಗಿನ ಕಪ್ಪು ತುಕ್ಕಿಗೆ ಆಸಿಡ್

ಉಜ್ಜಿದ ಮೇಲೂ ಹೊಳೆಯುವ ಲೋಹದ ನಡುವೆ ಸಾಸಿವೆಯಷ್ಟು ಕಪ್ಪು ಬಿಂದುಗಳು ಉಳಿಯುತ್ತವೆ. ಅವು ತುಕ್ಕು ಕೊರೆದ ಗುಂಡಿಗಳು. ಅವು ಹೋಗುವವರೆಗೆ ಉಜ್ಜಿದರೆ ಕೊಳವೆಯೇ ತೆಳ್ಳಗಾಗುತ್ತದೆ. ಇಲ್ಲಿ ಆಸಿಡ್ ಬೇಕು.

ಮನೆಗೆ ನಾನು ಹೇಳುವುದು ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಬಿಳಿ ಹರಳು. 100 ಮಿಲಿ ಬೆಚ್ಚನೆಯ ನೀರಿಗೆ ಎರಡು ಮಟ್ಟಸ ಟೀ ಚಮಚ. ಹತ್ತಿಯನ್ನು ಅದರಲ್ಲಿ ಅದ್ದಿ, ಚುಕ್ಕೆಯ ಮೇಲಿಟ್ಟು, ಒಣಗದಂತೆ ಪ್ಲಾಸ್ಟಿಕ್ ಚೂರು ಸುತ್ತಿ. 20 ನಿಮಿಷಕ್ಕೊಮ್ಮೆ ತೆಗೆದು ಟೂತ್‌ಬ್ರಶ್ಶಿನಿಂದ ಉಜ್ಜಿ ನೋಡುತ್ತಾ ಹೋಗಿ, ಸುಮಾರು ಒಂದು ಗಂಟೆಯೊಳಗೆ ಗುಂಡಿಗಳು ಬೂದು ಬಣ್ಣಕ್ಕೆ ಬರುತ್ತವೆ. ರಾತ್ರಿಯಿಡೀ ಬಿಡಬೇಡಿ, ತುಕ್ಕು ಮುಗಿದ ಮೇಲೆ ಆಸಿಡ್ ಕಬ್ಬಿಣಕ್ಕೇ ಕೈ ಹಾಕುತ್ತದೆ.

ಆಕ್ಸಾಲಿಕ್ ಆಸಿಡ್ ಇದಕ್ಕಿಂತ ಚುರುಕು. ಪಿಯು ಮಕ್ಕಳು ಪೊಟ್ಯಾಷಿಯಂ ಪರ್ಮಾಂಗನೇಟ್ ಜೊತೆ ಟೈಟ್ರೇಶನ್ ಮಾಡುವುದು ಇದನ್ನೇ, ಮೊಸಾಯಿಕ್ ನೆಲ ಪಾಲಿಷ್ ಮಾಡುವವರು ಬಳಸುವ ಬಿಳಿ ಪುಡಿಯೂ ಇದೇ. ತುಕ್ಕಿನ ಕಬ್ಬಿಣವನ್ನು ತನ್ನೊಳಗೆ ಕಟ್ಟಿಕೊಂಡು ನೀರಿನಲ್ಲಿ ಕರಗುವಂತೆ ಮಾಡುವುದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದು ವಿಷ. ಬಾಯಿಂದ ಪಿಪೆಟ್ ಎಳೆಯಬೇಡಿ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದುದು ಇಂಥ ದ್ರಾವಣಗಳಿಗಾಗಿಯೇ. ಬಳಸುವುದಾದರೆ 200 ಮಿಲಿ ನೀರಿಗೆ ಒಂದು ಮಟ್ಟಸ ಟೀ ಚಮಚ ಸಾಕು, ಅರ್ಧ ಗಂಟೆ ಮೀರಬಾರದು. ಕೈಗವಸು, ಕನ್ನಡಕ ಕಡ್ಡಾಯ, ಪುಡಿ ಉಸಿರಿಗೆ ಹೋಗಬಾರದು, ಅಡುಗೆಯ ಪಾತ್ರೆ, ಚಮಚ ಮುಟ್ಟಿಸಬಾರದು. ಲೋಹದ ಮೇಲೆ ಹಳದಿ ಪುಡಿ ಕೂತರೆ ಗಾಬರಿ ಬೇಡ, ಬ್ರಶ್ಶಿಗೆ ಹೋಗುತ್ತದೆ.

ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಉಜ್ಜಿ, ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಜ್ಜಿ ಎಂಬ ಸಲಹೆ ಎಲ್ಲೆಲ್ಲೂ ಕೇಳುತ್ತೀರಿ. ದೇವರ ಹಿತ್ತಾಳೆ ದೀಪಕ್ಕೆ ಅದು ಸರಿ. ಕಬ್ಬಿಣಕ್ಕೆ ಉಪ್ಪು ಬೇಡವೇ ಬೇಡ. ಉಪ್ಪಿನ ಕ್ಲೋರೈಡ್ ಗುಂಡಿಗಳೊಳಗೆ ಉಳಿದು, ಬಣ್ಣದಡಿ ತೇವ ಎಳೆದುಕೊಂಡು, ತುಕ್ಕನ್ನು ಮತ್ತೆ ಎಬ್ಬಿಸುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಇದೇ ಕಾರಣಕ್ಕೆ ದೂರವಿಡಿ. ಅದರ ಹೈಡ್ರೋಕ್ಲೋರಿಕ್ ಹೊಗೆ ಕೋಣೆಯಲ್ಲಿರುವ ಉಳಿದ ಕಬ್ಬಿಣದ ಸಾಮಾನಿಗೂ ತುಕ್ಕು ಹಿಡಿಸುತ್ತದೆ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್‌ಗಳಲ್ಲಿ ಫಾಸ್ಫಾರಿಕ್ ಆಸಿಡ್ ಇರುವಂಥದ್ದು ಒಳ್ಳೆಯ ವಸ್ತು, ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಅದನ್ನು ತೊಳೆಯಬೇಕೋ ಬೇಡವೋ ಎಂಬುದು ಒಂದೊಂದು ಡಬ್ಬಿಗೆ ಒಂದೊಂದು ಥರ, ಲೇಬಲ್ ಓದಿ.

ಆಸಿಡ್ ತೆಗೆದ ಮೇಲಿನ ಹತ್ತು ನಿಮಿಷ ಈ ಇಡೀ ಕೆಲಸದ ಜೀವ. ನೀರಿನಲ್ಲಿ ತೊಳೆಯಿರಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಅದರಿಂದ ಒರೆಸಿ, ಮತ್ತೆ ತೊಳೆಯಿರಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ತಕ್ಷಣ ಹೇರ್ ಡ್ರೈಯರ್ ಹಿಡಿಯಿರಿ. ಪಕ್ಕದ ಬಣ್ಣ ಮುಟ್ಟಿದರೆ ಬಿಸಿ ತಟ್ಟುವಷ್ಟಾಗಬೇಕು. ಆಸಿಡ್ಡಿನಿಂದ ಹೊರಬಂದ ಕಬ್ಬಿಣ ಬರಿಮೈಯಲ್ಲಿರುತ್ತದೆ, ಕಾಫಿ ಕುಡಿದು ಬರುತ್ತೇನೆಂದು ಎದ್ದರೆ ಅಷ್ಟರಲ್ಲಿ ಕೇಸರಿ ಪೊರೆ ಕಟ್ಟಿರುತ್ತದೆ. ಕಟ್ಟಿದರೆ 600ರಿಂದ ಎರಡು ಸಲ ಉಜ್ಜಿ ಮುಂದುವರಿಯಿರಿ. ಬರಿಗೈಯಿಂದ ಆ ಜಾಗ ಮುಟ್ಟಬೇಡಿ, ಬೆರಳಿನ ಬೆವರೂ ಉಪ್ಪೇ. ಉಳಿದ ಆಸಿಡ್ ನೀರಿಗೆ ನೊರೆ ಬರುವುದು ನಿಲ್ಲುವವರೆಗೆ ಸೋಡಾ ಹಾಕಿ, ತುಂಬ ನೀರು ಬೆರೆಸಿ ಚರಂಡಿಗೆ ಬಿಡಿ. ತುಳಸಿ ಕುಂಡದ ಹತ್ತಿರವೂ ಸುಳಿಯಬಾರದು.

ಮುಚ್ಚುವುದು

ಅದೇ ದಿನ ಪ್ರೈಮರ್ ಬೀಳಬೇಕು. ಟರ್ಪೆಂಟೈನಿನಿಂದ ಒಮ್ಮೆ ಒರೆಸಿ, ಅದು ಆರಿದ ಮೇಲೆ ರೆಡ್ ಆಕ್ಸೈಡನ್ನು ಸೊನ್ನೆ ನಂಬರಿನ ಕುಂಚದಿಂದ ತೆಳ್ಳಗೆ ಹಚ್ಚಿ. ಬರಿಲೋಹ ದಾಟಿ ಹಳೆ ಬಣ್ಣದ ಅಂಚಿನ ಮೇಲೂ ಒಂದಿಷ್ಟು ಹೋಗಲಿ. ರಾತ್ರಿ ಕಳೆಯಲಿ. ಮರುದಿನ 600ರಿಂದ ಮೆಲ್ಲಗೆ ನಯ ಮಾಡಿ, ಒಣಗಿಸಿ, ಎನಾಮೆಲ್ ಹಚ್ಚಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಮೂರು ಸಲ, ನಡುವೆ ಒಂದೊಂದು ದಿನ ಬಿಟ್ಟು. ದಪ್ಪ ಬಣ್ಣ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿ ಉಳಿಯುತ್ತದೆ. ಗುಂಡಿಗಳನ್ನೂ ಈ ಪದರಗಳೇ ಮೆಲ್ಲಗೆ ತುಂಬುತ್ತವೆ. ಸ್ಪ್ರೇ ಡಬ್ಬಿ ಸಣ್ಣ ಚುಕ್ಕೆಗೆ ಬೇಡ, ಸುತ್ತ ಒಂದು ಅಡಿ ಮಂಜು ಹರಡುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ 1000 ನಂಬರಿನ ಪೇಪರನ್ನು ಸೋಪುನೀರಿನಲ್ಲಿ ಅದ್ದಿ ಅಂಚನ್ನು ಬೆರೆಸಿ, ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತನ್ನಿ. ಹಗಲಿನಲ್ಲಿ ಓರೆಯಾಗಿ ನೋಡಿದರೆ ತೇಪೆ ಕಂಡೇ ಕಾಣುತ್ತದೆ. ಕಾಣಲಿ ಬಿಡಿ, ಸುತ್ತಲ ಬಣ್ಣ ಮೂಲದ್ದು.

ಕ್ರೋಮಿನ ಭಾಗಗಳಿಗೆ ಇಷ್ಟೆಲ್ಲ ಬೇಡ. ಹ್ಯಾಂಡಲ್, ರಿಮ್ಮಿನ ಚುಕ್ಕೆಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ. ಒರೆಸಿ ವ್ಯಾಕ್ಸ್ ಹಚ್ಚಿ. ಕಡ್ಡಿಗಳಿಗೆ ಆಸಿಡ್ ತಾಗಿಸಬೇಡಿ, ಅವುಗಳ ಮೇಲಿನ ಸತುವಿನ ಲೇಪವನ್ನು ಅದು ತಿಂದುಬಿಡುತ್ತದೆ.

ಹೊರಗೆ ಇಷ್ಟು ಮಾಡಿ ಒಳಗನ್ನು ಬಿಟ್ಟರೆ ಶ್ರಮ ಅರ್ಧವೇ. ಸೀಟಿನ ಕಂಬಿ ಹೊರಗೆಳೆದು ಫ್ರೇಮನ್ನು ತಲೆಕೆಳಗಾಗಿ ಹಿಡಿಯಿರಿ. ಮಳೆಯಲ್ಲಿ ನಿಂತ ಸೈಕಲ್ ಆದರೆ ಕಂದು ನೀರು ಸುರಿಯುವುದುಂಟು, ಕಂಬಿಯ ಅಂಚಿನಿಂದ ಇಳಿದ ನೀರು ಬಿ.ಬಿ. ಒಳಗೆ ಸೇರಿ ಕೂತಿರುತ್ತದೆ. ಒಂದು ದಿನ ಬಿಸಿಲಿನಲ್ಲಿ ಒಣಗಿಸಿ, ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಎಂದು ಸಿಗುವ ಅಗಸೆ ಎಣ್ಣೆಯನ್ನು ಕೊಳವೆಯೊಳಗೆ ಸ್ವಲ್ಪ ಸುರಿದು, ಫ್ರೇಮನ್ನು ಎಲ್ಲ ಕಡೆಗೆ ತಿರುಗಿಸಿ ಒಳಮೈಗೆ ಹರಡಿ, ಉಳಿದದ್ದನ್ನು ಬಸಿಯಿರಿ. ಅದು ಒಣಗಿ ಪೊರೆ ಕಟ್ಟುತ್ತದೆ. ಬಿ.ಬಿ. ಬಿಚ್ಚಿಸಿದಾಗ ಇದನ್ನು ಮಾಡುವುದು ಇನ್ನೂ ಸಲೀಸು, ಬಿಚ್ಚುವ ಕೆಲಸವನ್ನು ಅಂಗಡಿಯವರಿಗೇ ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸಿ ಆಮೇಲೆ ಬಿಸಾಡಿ. ಸೀಟಿನ ಕಂಬಿಗೆ ಗ್ರೀಸ್ ಹಚ್ಚಿ ವಾಪಸ್ ಹಾಕಿ.

ಹೊಸ ಎನಾಮೆಲ್ ಮುಟ್ಟಿದರೆ ಒಣಗಿದಂತಿದ್ದರೂ ಒಳಗಿನವರೆಗೆ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಆ ಜಾಗಕ್ಕೆ ವ್ಯಾಕ್ಸ್ ಬೇಡ, ಅದರ ಮೇಲೆ ಡೈನಮೋ, ಬೆಲ್ಲಿನ ಕ್ಲಾಂಪ್ ಬಿಗಿಯುವುದೂ ಬೇಡ. ಬಿಗಿಯುವ ದಿನ ಹಳೆ ಟ್ಯೂಬಿನಿಂದ ರಬ್ಬರ್ ಪಟ್ಟಿ ಕತ್ತರಿಸಿ ನಡುವೆ ಇಡಿ, ಮಳೆಗಾಲ ಮುಗಿದಾಗ ಒಮ್ಮೆ ಅದನ್ನು ಬಿಚ್ಚಿ ಅಡಿ ಒರೆಸಿ. ಸೈಕಲ್ಲಿಗೆ ಹೊದಿಸಲು ಪ್ಲಾಸ್ಟಿಕ್ ಟಾರ್ಪಾಲಿಗಿಂತ ಹಳೆಯ ಹತ್ತಿ ಬೆಡ್‌ಶೀಟ್ ಒಳ್ಳೆಯದು, ಅದರೊಳಗೆ ತೇವ ನಿಲ್ಲುವುದಿಲ್ಲ.